ಗುಡ್ಡಗಾಡು ಸೈಕಲ್ ಮಂಡಳಿಯ ವನವಿಹಾರದಲ್ಲಿ ನಿಲುಗಡೆಯ ಸ್ಥಾನ: ಒಂದು ಶಾಸ್ತ್ರೀಯ ವಿವೇಚನೆ

ಪ್ರತಿಜ್ಞೆ

ಬೆಂಗಳೂರಿನ ಸೈಕಲ್ ಕ್ಲಬ್ಬುಗಳು ಭಾನುವಾರದಂದು ಮಾಗಡಿ ಸೀಮೆಯ ಕಾಡಂಚಿಗೆ ಹೋಗಿಬರುವ ಆಚಾರವನ್ನು ಕುರಿತು, ವಾಟ್ಸ್ಯಾಪ್ ಸಂದೇಶಗಳನ್ನೂ ಮೊಣಕಾಲಿನ ಎಕ್ಸ್‌ರೇಗಳನ್ನೂ ಬಿಟ್ಟರೆ ಗಂಭೀರ ವಾಙ್ಮಯವೇ ಹುಟ್ಟಿಲ್ಲ. ಆ ಕೊರತೆಯನ್ನು ನೀಗುವುದು ಈ ಪ್ರಬಂಧದ ಉದ್ದೇಶ. ಇಲ್ಲಿ ಪ್ರತಿಪಾದಿಸುವ ಸಿದ್ಧಾಂತ ಇಷ್ಟೆ: ಗುಡ್ಡಗಾಡು ಸೈಕಲ್ ಸವಾರಿಯಲ್ಲಿ ಪ್ರಧಾನವಾದ ಕ್ರಿಯೆ ಓಡುವುದಲ್ಲ, ನಿಲ್ಲುವುದು. ಎರಡು ನಿಲುಗಡೆಗಳ ನಡುವೆ ಅನಿವಾರ್ಯವಾಗಿ ಒದಗುವ ತೊಂದರೆಗೆ ಓಟವೆಂದು ಹೆಸರು.

ಪೂರ್ವಪಕ್ಷ

ಚಕ್ರವಿರುವ ವಸ್ತು ಚಲನೆಗಾಗಿಯೇ ಇರಬೇಕೆಂದು ವಾದಿಸುವವರಿದ್ದಾರೆ. ಅವರು ನಸುಕಿನಲ್ಲಿ ಮೈಸೂರು ರಸ್ತೆಗೆ ಬಂದು ನೋಡಲಿ. ಸಾಲು ಸಾಲು ಸೈಕಲ್ಲುಗಳು ಕಾರಿನ ಬೆನ್ನಿಗೆ ಬೆಲ್ಟಿನಿಂದ ಬಿಗಿಸಿಕೊಂಡು, ಪೆಡಲು ಒಂದು ಸುತ್ತೂ ತಿರುಗದೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತವೆ. ಬಹುಪಾಲು ಸೈಕಲ್ಲುಗಳು ತಮ್ಮ ಬಾಳಿನಲ್ಲಿ ಕಾಣುವ ಪರಮ ವೇಗ ಇದೇ. ಆದ್ದರಿಂದ ಚಲನೆ ಕಾರಿನ ಧರ್ಮ, ಸೈಕಲ್ಲಿನದಲ್ಲ. ಕಾರೂ ಕೂಡ ಬಿಡದಿಯಲ್ಲಿ ನಿಲ್ಲುತ್ತದೆ. ಇನ್ನೂ ಪೆಡಲು ಮುಟ್ಟದವರು ಅಲ್ಲಿ ಎರಡನೆಯ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗುವುದನ್ನೇ ನೋಡುತ್ತ, "ಮುಂದೆ ಎನರ್ಜಿ ಬೇಕಲ್ಲ" ಎನ್ನುತ್ತಾರೆ.

ಐತಿಹಾಸಿಕ ಪ್ರಮಾಣ

ಈ ಕ್ರೀಡೆಯ ಉಗಮಸ್ಥಾನಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಗೆ ಅಗ್ರಪೂಜೆ ಸಲ್ಲುತ್ತದೆ. 1976ರ ಅಕ್ಟೋಬರ್ 21ರಂದು ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಬಳಿ, ಎರಡು ಮೈಲಿಯಷ್ಟರಲ್ಲಿ ಸುಮಾರು 1,300 ಅಡಿ ಇಳಿಯುವ ಮಣ್ಣುರಸ್ತೆಯಲ್ಲಿ ಕೆಲವು ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳ ಪಂದ್ಯ ಹೂಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವುಗಳದು. ಬುಡ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿಬಿಡುತ್ತಿತ್ತು. ಮತ್ತೆ ಗ್ರೀಸು ತುಂಬದೆ ಇನ್ನೊಂದು ಸಲ ಇಳಿಯುವಂತಿರಲಿಲ್ಲ. ಗ್ಯಾರಿ ಫಿಶರ್ ಆ ಇಳಿಜಾರಿನಲ್ಲಿ ಸ್ಥಾಪಿಸಿದ ದಾಖಲೆ 4 ನಿಮಿಷ 22 ಸೆಕೆಂಡು. ದಿನದ ಉಳಿದ ಹೊತ್ತು ಹೇಗೆ ಕಳೆಯಿತೆಂಬುದನ್ನು ಓದುಗರೇ ಊಹಿಸಬಹುದು.

1977ರಲ್ಲಿ ಜೋ ಬ್ರೀಜ್ ಇಂಥ ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದರು. 1996ರ ಅಟ್ಲಾಂಟ ಒಲಿಂಪಿಕ್ಸಿಗೆ ಈ ಕ್ರೀಡೆ ಪ್ರವೇಶಿಸಿತು. ಈ ನಡುವೆ ಮತ್ತು ಆಮೇಲೆ ವಿಜ್ಞಾನ ಯಾವ ದಿಕ್ಕಿನಲ್ಲಿ ಬೆಳೆಯಿತು? ಇಂದಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು, ಸೈಕಲ್ಲು ನಿಲ್ಲುತ್ತದೆ. ಓಡಿಸಬೇಕಾದರೆ ಇಂದಿಗೂ ಎರಡು ಕಾಲೂ ಬೇಕು. ಇದಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ಕೇಳುವವರು ವಿತಂಡವಾದಿಗಳು.

ಪ್ರಭೇದ ನಿರೂಪಣೆ

ನಮ್ಮ ಅಧ್ಯಯನದ ಕ್ಷೇತ್ರ, ಮಂಚನಬೆಲೆ ಜಲಾಶಯದ ಕಡೆಯಿಂದ ಸಾವನದುರ್ಗದ ಬುಡಕ್ಕೆ ಸಾಗುವ ಮಣ್ಣುದಾರಿಗಳು. ಕರಿಗುಡ್ಡ, ಬಿಳಿಗುಡ್ಡಗಳೆಂಬ ಜೋಡಿ ಬಂಡೆಯ ಈ ಬೆಟ್ಟ 1,226 ಮೀಟರ್ ಎತ್ತರದ್ದು. ಅದು ನಿಂತಲ್ಲೇ ನಿಂತಿದ್ದೂ ಪ್ರಸಿದ್ಧವಾಗಿದೆಯೆಂಬುದನ್ನು ಮೊದಲೇ ನೆನಪಿಡಬೇಕು. ಇಲ್ಲಿ ನಿಲುಗಡೆ ನಾಲ್ಕು ಬಗೆ.

ಮೊದಲನೆಯದು ಕಂಟಕಜನ್ಯ. ನೆಗ್ಗಿಲು ಕಾಯಿ ನೆಲಕ್ಕೆ ಹೇಗೆ ಬಿದ್ದರೂ ಒಂದಾದರೂ ಮುಳ್ಳು ಆಕಾಶ ನೋಡುತ್ತಿರುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚುವ ಸೀಲೆಂಟ್ ಇರುತ್ತದಾದರೂ, ಕೆಲವು ತಿಂಗಳಿಗೊಮ್ಮೆ ತುಂಬದಿದ್ದರೆ ಅದು ಒಣಗಿ ರಬ್ಬರಿನ ಸಿಪ್ಪೆಯಾಗುತ್ತದೆ. ಒಣಗಿದೆಯೆಂಬ ಜ್ಞಾನ ಕಾಡಿನಲ್ಲೇ ಉದಯಿಸುವಂಥದು. ಆಗ ಒಬ್ಬರು ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ, ಒಬ್ಬರು ಅಂಗೈಯಗಲದ ಪಂಪು ಒತ್ತುತ್ತಾರೆ, ಮಿಕ್ಕವರೆಲ್ಲ ಸಲಹೆ ಕೊಡುತ್ತಾರೆ.

ಎರಡನೆಯದು ಪ್ರತೀಕ್ಷಾಜನ್ಯ. ಮುಂದೆ ಹೋದವರು ಹಿಂದುಳಿದವರಿಗಾಗಿ ಕಾಯುತ್ತಾರೆ. ಕೊನೆಯವನು ಏದುಸಿರು ಬಿಡುತ್ತ ಬಂದು ಒಂದು ಕಾಲು ನೆಲಕ್ಕೂರುತ್ತಲೇ, "ಎಲ್ಲರೂ ಬಂದಾಯ್ತಲ್ಲ, ಹೊರಡೋಣ" ಎಂಬ ಘೋಷಣೆಯಾಗುತ್ತದೆ. ಯಾರಿಗೆ ವಿಶ್ರಾಂತಿ ಬೇಕೋ ಅವರಿಗೆ ಬಿಟ್ಟು ಮಿಕ್ಕೆಲ್ಲರಿಗೂ ಅದು ಸಿಗುವ ಈ ವ್ಯವಸ್ಥೆಗೆ 'ಅಂತ್ಯಾರೋಹಿ ನ್ಯಾಯ'ವೆಂದು ಪ್ರಸ್ತುತ ಲೇಖಕನು ಹೆಸರಿಟ್ಟಿದ್ದಾನೆ.

ಮೂರನೆಯದು ದರ್ಶನಜನ್ಯ. ಕಡಿದಾದ ಬಂಡೆಯೊಂದು ಎದುರಾದರೆ ಸಭೆ ಸೇರುತ್ತದೆ. ವೇಗವಾಗಿ ಬಿಟ್ಟರೆ ಸವಾರನೂ ಸೈಕಲ್ಲೂ ಒಂದೇ ಆಗಿ ಇಳಿದುಬಿಡುತ್ತಾರೆಂಬುದು ಅದ್ವೈತಿಗಳ ಮತ. ಬಂಡೆಯ ನೆತ್ತಿಯಲ್ಲಿ ಅಭೇದವಿದ್ದರೂ ಬುಡದಲ್ಲಿ ಭೇದವು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧವಾಗುತ್ತದೆಂದು ದ್ವೈತಿಗಳು ಮೊಣಕೈ ತೋರಿಸುತ್ತಾರೆ. ವಾದ ಮುಗಿಯುವಷ್ಟರಲ್ಲಿ, ಯಾವ ಮತಕ್ಕೂ ಸೇರದ ಒಬ್ಬರು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಕೆಳಗಿಳಿದು ಕಡಲೆಮಿಠಾಯಿ ತಿನ್ನುತ್ತಿರುತ್ತಾರೆ.

ನಾಲ್ಕನೆಯದು ಶಾಸನಜನ್ಯ. ಇದರ ಹಿಂದೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಿದೆ, ಮುಂದೆ ಖಾಕಿ ತೊಟ್ಟ ಗಾರ್ಡ್ ಇದ್ದಾರೆ.

"ಪರ್ಮಿಶನ್ ಐತಾ ಸಾರ್?"

"ಒಳಗೆ ಹೋಗಲ್ಲ ಅಣ್ಣಾ, ಇಲ್ಲೇ ಅಂಚಲ್ಲಿ..."

"ಅಂಚು ಎಲ್ಲಿಗೆ ಮುಗೀತದೆ ಗೊತ್ತಾ?"

"ಎಲ್ಲಿಗೆ?"

"ನೀವು ನಿಂತಿದ್ದೀರಲ್ಲ, ಅಲ್ಲಿಗೆ."

ಸರಹದ್ದಿನ ಬಗ್ಗೆ ಇಷ್ಟು ಸಂಕ್ಷಿಪ್ತವಾದ ಸೂತ್ರ ಬೇರೊಂದಿಲ್ಲ. ಇದಕ್ಕೆ ಭಾಷ್ಯ ಬರೆಯುವ ಧೈರ್ಯವನ್ನು ಮಂಡಳಿಯ ಯಾವ ಸದಸ್ಯನೂ ತೋರಲಿಲ್ಲ. ಎಲ್ಲರೂ ಹ್ಯಾಂಡಲು ತಿರುಗಿಸಿದರು.

ಆಕ್ಷೇಪ ಮತ್ತು ಸಮಾಧಾನ

ನಿಲ್ಲುವುದೇ ಗುರಿಯಾದರೆ ಮನೆಯಲ್ಲೇ ನಿಲ್ಲಬಾರದೇಕೆ? ಬಾರದು. ಮನೆಯಲ್ಲಿ ಸುಮ್ಮನೆ ನಿಂತವರ ಕೈಗೆ ಯಾರಾದರೂ ಸೊಪ್ಪು ಬಿಡಿಸಲು ಕೊಡುತ್ತಾರೆ. ಇನ್ನೂ ಒಂದು ಕಾರಣವುಂಟು. ಓಡುತ್ತಿರುವ ಸವಾರನ ಪಾಲಿಗೆ ಕಾಡೆಂದರೆ ಮುಂದಿನ ಚಕ್ರದಾಚೆಗಿನ ಒಂದೆರಡು ಮಾರು ನೆಲ: ಕಲ್ಲು, ಬೇರು, ಸಗಣಿ. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಷ್ಟೇ ಬಾಳುವ ಹಳದಿ ಕೊರಳಿನ ಪಿಕಳಾರ ಸಾವನದುರ್ಗದಲ್ಲಿದೆ. ಅದನ್ನು ಕಂಡ ಸದಸ್ಯರನ್ನೆಲ್ಲ ವಿಚಾರಿಸಲಾಗಿ, ಕಂಡದ್ದು ಪಂಕ್ಚರ್ ಆದಾಗಲೇ ಎಂದು ಒಪ್ಪಿಕೊಂಡರು. ಹೀಗೆ ನೋಡಿದರೆ ಪಕ್ಷಿವೀಕ್ಷಣೆಗೆ ದುರ್ಬೀನಿಗಿಂತ ನೆಗ್ಗಿಲು ಮುಳ್ಳೇ ಮಿಗಿಲಾದ ಸಾಧನ.

ಫಲಶ್ರುತಿ

ಭಾನುವಾರ ನಸುಕಿನಲ್ಲಿ ಕಾರಿಗೆ ಸೈಕಲ್ಲು ಬಿಗಿಯುವ ಮುನ್ನ ಈ ಪ್ರಬಂಧವನ್ನು ಓದುವವರ ಚೈನು ಜಾರದು, ಗೇರು ಸಿಕ್ಕಿಕೊಳ್ಳದು. ಓದಿ ಮಂಡಳಿಯ ಇತರರಿಗೂ ಹೇಳುವವರು ಏರಿನಲ್ಲಿ ಕೊನೆಯವರಾಗಿ ಬಂದರೂ ಐದು ನಿಮಿಷ ಕೂರುವ ಭಾಗ್ಯ ಪಡೆಯುವರು. ಓದದೆಯೇ ಖಂಡಿಸುವವರಿಗೆ ಪಂಕ್ಚರ್ ಪ್ರಾಪ್ತಿ. ಅದೂ ಹಿಂದಿನ ಚಕ್ರಕ್ಕೆ, ಪಂಪು ಕಾರಿನಲ್ಲೇ ಉಳಿದ ದಿನ.