ಅಪಸ್ವರಕ್ಕೆ ಅನುಮತಿ ಇದೆ

2022ರ ಜೂನ್ 4ರ ರಾತ್ರಿ ಬಕಿಂಗ್‌ಹ್ಯಾಂ ಅರಮನೆಯ ಮುಂದೆ ನಡೆದ ಸಂಗೀತ ಕಛೇರಿಯಲ್ಲಿ ಯಾರ ಶ್ರುತಿ ಎಲ್ಲಿ ತಪ್ಪಿತು ಎಂದು ಬ್ರಿಟನ್ನಿನ ಯಾರನ್ನು ಬೇಕಾದರೂ ಕೇಳಿ, ಪಟಪಟ ಹೇಳುತ್ತಾರೆ. ರಾಡ್ ಸ್ಟುವರ್ಟ್‌ಗೆ ಗಂಟಲು ಕೈಕೊಟ್ಟಿತು. ಡಯಾನಾ ರಾಸ್‌ಗೆ ಎಪ್ಪತ್ತೆಂಟು, ಈ ವಯಸ್ಸಿನಲ್ಲಿ ಬೇಕಿತ್ತೇ? ಎಲ್ಟನ್ ಜಾನ್ ಖುದ್ದಾಗಿ ಬಾರದೆ ರೆಕಾರ್ಡ್ ಮಾಡಿ ಕಳಿಸಿದ್ದು ಸರಿಯೇ? ಇಷ್ಟೆಲ್ಲ ಹೇಳಿದವರನ್ನೇ, 'ಅದಿರಲಿ, ಒಬ್ಬರೇ ಎಪ್ಪತ್ತು ವರ್ಷ ಸಿಂಹಾಸನದ ಮೇಲೆ ಕೂತಿದ್ದರ ಬಗ್ಗೆ ಏನಂತೀರಿ?' ಎಂದು ಕೇಳಿ ನೋಡಿ. 'ಅಯ್ಯೋ, ಪಾಪ, ಒಳ್ಳೆಯ ಹೆಂಗಸು' ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಎರಡನೆಯ ಎಲಿಜಬೆತ್ ರಾಣಿಯ ಪ್ಲಾಟಿನಂ ಜುಬಿಲಿ ಗೆದ್ದದ್ದು ಇಲ್ಲೇ. ರಾಜಮನೆತನ ಬೇಕೋ ಬೇಡವೋ ಎಂಬ ಪ್ರಶ್ನೆ ಜನರ ಬಾಯಿಗೆ ಬರುವ ಮುಂಚೆಯೇ ಹಾಡು ಚೆನ್ನಾಗಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರ ಕೈಗಿಟ್ಟರೆ ಸಾಕು. ಎಲ್ಲರಿಗೂ ಒಂದೊಂದು ಅಭಿಪ್ರಾಯ ಸಿಗುತ್ತದೆ, ಯಾರಿಗೂ ಅಪಾಯವಿಲ್ಲ. ಅವತ್ತು ರಾಡ್ ಸ್ಟುವರ್ಟ್ ವೇದಿಕೆಯ ಮೇಲೆಯೇ, 'ಈ ಹಾಡು ಬಿಬಿಸಿಯವರು ಹಾಡಿಸುತ್ತಿರೋದು' ಎಂದುಬಿಟ್ಟರು. ನಾಡಿಗೆ ನಾಡೇ ಬಿಬಿಸಿಯ ಮೇಲೆ ಹರಿಹಾಯಿತು. ಅರಮನೆಯ ಒಂದು ಕಿಟಕಿಯೂ ಅಲುಗಲಿಲ್ಲ.

ಈ ಜಾಣತನ ಅರಮನೆಗೆ ಹುಟ್ಟಿನಿಂದ ಬಂದದ್ದಲ್ಲ. 1977ರ ರಜತ ಜುಬಿಲಿಯಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಹುಡುಗರು ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು ರಾಣಿಯನ್ನು ಜಾಡಿಸುವ ಹಾಡು ಮಾಡಿದರು. ಜೂನ್ 7ರಂದು ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಥೇಮ್ಸ್ ನದಿಯಲ್ಲಿ ಅಬ್ಬರಿಸಿದರು. ದೋಣಿಯ ಹೆಸರು ಕ್ವೀನ್ ಎಲಿಜಬೆತ್! ಪೊಲೀಸರು ದೋಣಿಯನ್ನು ದಡಕ್ಕೆ ತರಿಸಿ ಕೆಲವರನ್ನು ಎಳೆದೊಯ್ದರು. ಬಿಬಿಸಿ ಹಾಡನ್ನು ನಿಷೇಧಿಸಿತು. ನಿಷೇಧಿಸಿದ ಮೇಲೆ ಕೇಳಬೇಕೇ, ಹಾಡು ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು.

ಅರಮನೆ ಪಾಠ ಕಲಿತಿರಬೇಕು. 2002ರ ಸುವರ್ಣ ಜುಬಿಲಿಗೆ ಗದ್ದಲದವರನ್ನು ಹಿತ್ತಿಲಿಗೇ ಕರೆಸಿಕೊಂಡಿತು. ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿ ಹೆಸರಾಗಿದ್ದ ಆಜಿ ಆಸ್ಬರ್ನ್ ರಾಣಿಯ ತೋಟದಲ್ಲಿ ಹಾಡಿದರು. ಬ್ರಿಯಾನ್ ಮೇ ಅರಮನೆಯ ಛಾವಣಿ ಹತ್ತಿ ಗಿಟಾರಿನಲ್ಲಿ ರಾಷ್ಟ್ರಗೀತೆ ನುಡಿಸಿದರು. ಬೇಲಿ ಹೊರಗಿದ್ದರೆ ಬಂಡಾಯ, ಒಳಗೆ ಬಂದರೆ ಸನ್ಮಾನ. ರಾಡ್ ಸ್ಟುವರ್ಟ್ 2016ರಲ್ಲಿ 'ಸರ್' ಆದರು, ಬ್ರಿಯಾನ್ ಮೇ 2023ರಲ್ಲಿ. ಇನ್ನು ಆ ಪಂಕ್ ಹಾಡು? ಪ್ಲಾಟಿನಂ ಜುಬಿಲಿಯ ಹೊತ್ತಿಗೆ ಸರಿಯಾಗಿ ಸಂಗ್ರಹಕಾರರಿಗೆಂದು ಮತ್ತೆ ಅಚ್ಚಾಗಿ ಮಾರಾಟಕ್ಕೆ ಬಂತು. ಬಂಡಾಯಕ್ಕೂ ಜುಬಿಲಿ ರಿಯಾಯಿತಿ.

2012ರ ವಜ್ರ ಜುಬಿಲಿಯಲ್ಲಿ ಸಾವಿರ ದೋಣಿಗಳು ಮಳೆಯಲ್ಲಿ ತೊಯ್ದುಕೊಂಡು ಥೇಮ್ಸಿನಲ್ಲಿ ಸಾಗಿದವು. ವೀಕ್ಷಕರು ಬಿಬಿಸಿಗೆ ಸಾವಿರಗಟ್ಟಲೆ ದೂರು ಬರೆದರು. ವಿವರಣೆ ಹೇಳುವವರು ಹಗುರವಾಗಿ ಹರಟಿದರು, ದೋಣಿಗಳ ವಿಷಯ ಗೊತ್ತಿರಲಿಲ್ಲ, ಇಂಥವೇ. ಅದೇ ಹೊಳೆಯ ದಡದಲ್ಲಿ ಕಾವಲು ಕೆಲಸಕ್ಕೆಂದು ನಿರುದ್ಯೋಗಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು, ಕೆಲಸಕ್ಕೆ ಮುಂಚಿನ ರಾತ್ರಿ ಲಂಡನ್ ಬ್ರಿಡ್ಜ್ ಕೆಳಗೆ ಮಲಗಿಸಿದ ಸುದ್ದಿಯೂ ಬಂತು. ಅವರಲ್ಲಿ ಕೆಲವರಿಗೆ ಕೂಲಿಯೂ ಇರಲಿಲ್ಲ. ಅದಕ್ಕೂ ಒಂದಷ್ಟು ಗದ್ದಲವಾಯಿತು ಅನ್ನಿ. ಆದರೆ ಬಿಬಿಸಿ ನಿರೂಪಕರಿಗೆ ಬಿದ್ದಷ್ಟು ಬೈಗುಳ ಆ ಗುತ್ತಿಗೆದಾರರಿಗೆ ಬಿದ್ದಂತೆ ಕಾಣಲಿಲ್ಲ.

ಮತ್ತೆ ಪ್ಲಾಟಿನಂಗೆ ಬರೋಣ. ಆಗ ಹಣದುಬ್ಬರ ನಲವತ್ತು ವರ್ಷಗಳಲ್ಲೇ ಅತಿ ಹೆಚ್ಚು, ಶೇಕಡ 9. ಕರೆಂಟು, ಗ್ಯಾಸಿನ ಬಿಲ್ಲಿನ ಮಿತಿ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಶೇಕಡ 54 ಜಿಗಿದಿತ್ತು. ಸರ್ಕಾರ ಜುಬಿಲಿಗೆ ತೆಗೆದಿಟ್ಟದ್ದು 2.8 ಕೋಟಿ ಪೌಂಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂತಿಲ್ಲ. ನಾಲ್ಕು ದಿನ ರಜೆ ಕೊಟ್ಟಿದ್ದರಲ್ಲ. ಮಲ್ಲಿಗೆ ಮುಡಿದವರಿಗೂ ರಜೆ, ಮಲ್ಲಿಗೆ ಯಾಕೆ ಎಂದವರಿಗೂ ರಜೆ. ಗಣರಾಜ್ಯ ಬೇಕು ಎನ್ನುವವರು ಆ ಶುಕ್ರವಾರ ಕೆಲಸಕ್ಕೆ ಹೋಗಿ ಪ್ರತಿಭಟಿಸಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಆ ಶುಕ್ರವಾರವೇ ಸೇಂಟ್ ಪಾಲ್ಸ್ ಕ್ಯಾಥೆಡ್ರಲಿನಲ್ಲಿ ಕೃತಜ್ಞತಾ ಪ್ರಾರ್ಥನೆ. ಪ್ರಧಾನಿ ಬೋರಿಸ್ ಜಾನ್ಸನ್ ಹೆಂಡತಿಯೊಂದಿಗೆ ಕಾರಿಳಿದು ಮೆಟ್ಟಿಲು ಹತ್ತುತ್ತಿದ್ದಂತೆ, ಬಾವುಟ ಹಿಡಿದು ರಾಜಮನೆತನವನ್ನು ನೋಡಲು ಬಂದಿದ್ದ ಜನವೇ 'ಬೂ' ಎಂದು ಕೂಗಿತು. ಸಿಟ್ಟಿಗೆ ಕಾರಣವಿತ್ತು. ಕೋವಿಡ್ ಕಾಲದಲ್ಲಿ ರಾಣಿ ಗಂಡನ ಶವಸಂಸ್ಕಾರದಲ್ಲಿ ಒಂಟಿಯಾಗಿ ಕೂತಿದ್ದರು. ಅದರ ಹಿಂದಿನ ರಾತ್ರಿ ಪ್ರಧಾನಿ ಕಚೇರಿಯಲ್ಲಿ ಪಾರ್ಟಿ ನಡೆದಿತ್ತು. ಆ 'ಬೂ' ಕೇಳಿ ಮೂರು ದಿನ ಕಳೆದು ಜಾನ್ಸನ್ನರ ಪಕ್ಷದವರೇ ಅವರ ಮೇಲೆ ವಿಶ್ವಾಸವಿದೆಯೇ ಎಂದು ಮತ ಹಾಕಿದರು. 211 ಪರ, 148 ವಿರುದ್ಧ, ಹೇಗೋ ಬಚಾವಾದರು. ಓಟು ಪಡೆದು ಬಂದವನನ್ನು ಇಳಿಸಲು ದಾರಿ ಇದೆ, ಆದ್ದರಿಂದ ಅವನಿಗೆ ಬೂ. ಇಳಿಸಲು ದಾರಿಯೇ ಇಲ್ಲದವರಿಗೆ ಜೈ ಎನ್ನದೆ ಇನ್ನೇನು ಮಾಡಿಯಾರು?

ಆ ಸಂಗೀತ ಕಛೇರಿಯ ರಾತ್ರಿ ಎಲ್ಲರ ಮನಸ್ಸು ಗೆದ್ದದ್ದು ಒಂದು ಕರಡಿ. ಚಿತ್ರೀಕರಿಸಿಟ್ಟಿದ್ದ ಪ್ರಸಂಗದಲ್ಲಿ ಪ್ಯಾಡಿಂಗ್ಟನ್ ರಾಣಿಯ ಎದುರು ಕೂತು ಟೀ ಪಾಟಿಗೇ ಬಾಯಿ ಹಚ್ಚಿ ಕುಡಿಯಿತು. ಹ್ಯಾಟಿನೊಳಗಿಂದ ಮಾರ್ಮಲೇಡ್ ಸ್ಯಾಂಡ್‌ವಿಚ್ ತೆಗೆದು ತೋರಿಸಿತು. ರಾಣಿ ತಮ್ಮ ಕೈಚೀಲದಿಂದ ಇನ್ನೊಂದನ್ನು ತೆಗೆದರು. ಟೀವಿ ಮುಂದೆ ಕೋಟಿ ಜನ ಕರಗಿಹೋದರು. ಈ ಕರಡಿ ಪೆರುವಿನಿಂದ ಹಡಗಿನಲ್ಲಿ ಅಡಗಿ, ಕಾಗದಪತ್ರವಿಲ್ಲದೆ ಬಂದದ್ದು. ಹಾಗೆಯೇ ಕಾಗದಪತ್ರವಿಲ್ಲದೆ ದೋಣಿಯಲ್ಲಿ ಬಂದ ಮನುಷ್ಯರನ್ನು ರುವಾಂಡಾಕ್ಕೆ ಸಾಗಿಸಲು ಅದೇ ಜೂನ್ 14ಕ್ಕೆ ಸರ್ಕಾರ ವಿಮಾನ ಗೊತ್ತುಮಾಡಿತ್ತು. ಕೊನೇ ಗಳಿಗೆಯಲ್ಲಿ ಕೋರ್ಟು ಅಡ್ಡಬಂದು ಅದು ಹಾರಲಿಲ್ಲ. ಬ್ರಿಟನ್ನಿಗೆ ಬರುವವರು ಮೈಮೇಲೆ ಸ್ವಲ್ಪ ರೋಮ ಬೆಳೆಸಿಕೊಂಡು ಬಂದರೆ ಕ್ಷೇಮ.

ಜುಬಿಲಿ ಎಂದರೆ ನಮಗೂ ಹೊಸತಲ್ಲ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾಯಿತೆಂದು 1897ರ ಜೂನ್ 22ರಂದು ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲಿಟ್ಟರು. ಅದೇ ದಿನ ರಾತ್ರಿ ಪುಣೆಯ ಸರ್ಕಾರಿ ಭವನದಲ್ಲಿ ಜುಬಿಲಿ ಔತಣ ಮುಗಿಸಿ ಗಾಡಿಯಲ್ಲಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಪ್ಲೇಗ್ ತಪಾಸಣೆಯ ಹೆಸರಲ್ಲಿ ಸೈನಿಕರು ಮನೆಮನೆಗೆ ನುಗ್ಗಿದ್ದರ ಸಿಟ್ಟು ಅದು. ಪುಣೆಯಲ್ಲಿ ಅವತ್ತು ಬೈಯಲು ಸಿಕ್ಕುವ ಹಾಡುಗಾರ ಯಾರೂ ಇರಲಿಲ್ಲ. ಸಾಮ್ರಾಜ್ಯಕ್ಕೆ ಆಗಿನ್ನೂ ಕಾರ್ಯಕ್ರಮ ಏರ್ಪಡಿಸುವ ಕಲೆ ಬರುತ್ತಿರಲಿಲ್ಲ.

ಈಗ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಎಲಿಜಬೆತ್ ರಾಣಿ ತೀರಿಕೊಂಡರು. ಮರುವರ್ಷದ ಮೇ 6ರಂದು ಮಗ ಚಾರ್ಲ್ಸ್‌ಗೆ ಪಟ್ಟ. ಬೆಳಗ್ಗೆ ಮೆರವಣಿಗೆ ಹೊರಡುವ ಮುಂಚೆಯೇ, 'ಇವನು ನನ್ನ ರಾಜನಲ್ಲ' ಎಂಬ ಫಲಕಗಳನ್ನು ವ್ಯಾನಿನಿಂದ ಇಳಿಸಿಕೊಳ್ಳುತ್ತಿದ್ದ ರಿಪಬ್ಲಿಕ್ ಸಂಘಟನೆಯ ಆರು ಜನರನ್ನು ಪೊಲೀಸರು ಹಿಡಿದರು. ಫಲಕ ಕಟ್ಟಲು ತಂದಿದ್ದ ಪಟ್ಟಿಗಳು, ತಮ್ಮನ್ನೇ ಕಂಬಕ್ಕೆ ಬಿಗಿದುಕೊಳ್ಳುವ ಸಲಕರಣೆಯಿರಬಹುದು ಎಂಬ ಗುಮಾನಿ. ಅದಕ್ಕೆಂದೇ ಆ ವಾರ ಹೊಚ್ಚಹೊಸ ಕಾನೂನು ಜಾರಿಗೆ ಬಂದಿತ್ತು. ಸಂಘಟನೆಯ ಮುಖ್ಯಸ್ಥ ಗ್ರಹಾಂ ಸ್ಮಿತ್ ಹದಿನಾರು ಗಂಟೆ ಒಳಗಿದ್ದು ಹೊರಬಂದರು. ಅಷ್ಟರಲ್ಲಿ ಕಿರೀಟ ಏರಿಯಾಗಿತ್ತು. ಆಮೇಲೆ ಪೊಲೀಸರು ವಿಷಾದ ಸೂಚಿಸಿದರು. ಮರುದಿನ ವಿಂಡ್ಸರ್ ಕೋಟೆಯಲ್ಲಿ ಮತ್ತೆ ಗಾನಗೋಷ್ಠಿ. ಲಯನಲ್ ರಿಚಿಯ ದನಿ ನಡುಗಿತು ಎಂದು ದೇಶವೆಲ್ಲ ಮೂಗು ಮುರಿಯಿತು. ಅದಕ್ಕಾಗಿ ಒಬ್ಬರ ಬಂಧನವೂ ಆಗಲಿಲ್ಲ.