ಕಾಲಡಿಯ ಕಾವು

ಮನೆಗೆ ಚಕ್ರ ಹಾಕಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ, ಅಡುಗೆಮನೆಯ ಕೆಳಗೆ ಸೈಲೆನ್ಸರ್ ಬರುತ್ತದೆ ಎನ್ನುತ್ತೇನೆ. ಉಳಿದ ಸುಖಗಳೆಲ್ಲ ಆಮೇಲಿನ ಮಾತು.

ಅಮೆರಿಕದ ಫೀನಿಕ್ಸ್‌ನಲ್ಲಿರುವ ನನ್ನ ಭಾವಮೈದುನ 1976ರ ಜಿಎಂಸಿ ಮೋಟಾರ್‌ಹೋಮ್ ಒಂದನ್ನು ಸಾಕಿಕೊಂಡಿದ್ದಾನೆ. ಲೀಟರ್ ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಅವನಿಗೆ ಅಂದು ಹಬ್ಬ. ಗಾಡಿ ಚೆಂದ, ಒಪ್ಪಲೇಬೇಕು. 1973ರಿಂದ 1978ರವರೆಗೆ ಮಿಷಿಗನ್ನಿನ ಪಾಂಟಿಯಾಕ್‌ನಲ್ಲಿ ತಯಾರಾದ ಇಂಥವು ಒಟ್ಟು 13,000ದ ಒಳಗೇ. ಓಲ್ಡ್ಸ್‌ಮೊಬೀಲ್ ಟೊರೊನಾಡೊ ಕಾರಿನ 7.5 ಲೀಟರಿನ ವಿ-8 ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಮೂತಿಯಲ್ಲೇ ಕೂರಿಸಿ, ಮುಂದಿನ ಚಕ್ರಗಳೇ ಎಳೆಯುವಂತೆ ಮಾಡಿದರು. ಹಿಂದಕ್ಕೆ ಚಾಚುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ತಗ್ಗು. ಮಂಡಿನೋವಿನ ನಮ್ಮ ಅತ್ತೆ ಕೂಡ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ಆದರೆ ನೆಲ ಇಳಿದಷ್ಟೂ ಅದರಡಿಯ ಜಾಗ ಇಕ್ಕಟ್ಟು. ಪೆಟ್ರೋಲ್ ಟ್ಯಾಂಕುಗಳು, ಕೊಳೆನೀರಿನ ಟ್ಯಾಂಕು, ಬ್ರೇಕಿನ ಪೈಪು, ವೈರು ಎಲ್ಲದರ ನಡುವೆ ಹೊಗೆಯ ಪೈಪೂ ನುಸುಳಬೇಕು.

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಗಾಡಿಗೆ ದಕ್ಕದೆ ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಏರು ಹತ್ತುವಾಗ ಎಂಜಿನ್ನಿನ ಬಾಯಲ್ಲಿ ಆ ಹೊಗೆ 700 ಡಿಗ್ರಿ ಮುಟ್ಟುವುದುಂಟು. ನಮ್ಮ ಹಳೆಯ ಬಸ್ಸುಗಳಲ್ಲಿ ಸೀಟು ಸಿಗದೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಶಿರಾಡಿ ಘಾಟಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿ ವಸ್ತು ಸೂಸುವ ಕಾವು ಅದರ ತಾಪದ ನಾಲ್ಕನೇ ಘಾತದಂತೆ ಏರುತ್ತದೆ, ಕೆಲ್ವಿನ್ ಲೆಕ್ಕದಲ್ಲಿ ತಾಪ ಇಮ್ಮಡಿಯಾದರೆ ಕಾವು 16 ಪಟ್ಟು ಎಂದು ಯೋಸೆಫ್ ಸ್ಟೆಫಾನ್ 1879ರಲ್ಲೇ ಕಂಡುಕೊಂಡ. ಭಾವಮೈದುನನ ಒಲೆಯ ಮುಂದೆ ಬರಿಗಾಲಲ್ಲಿ ನಿಂತಿದ್ದರೆ ಅವನಿಗೆ ಅಷ್ಟು ಪ್ರಯಾಸ ಬೇಕಿರಲಿಲ್ಲ.

ಕಾಲು ಸುಡುವುದನ್ನಾದರೂ ಚಪ್ಪಲಿ ಹಾಕಿಕೊಂಡು ಸಹಿಸಬಹುದು. ಹಿಂದಿನ ಯಜಮಾನ ಯಾರೋ ಹೊಗೆಯ ಪೈಪನ್ನು ಪೆಟ್ರೋಲ್ ಪೈಪಿನ ಪಕ್ಕದಲ್ಲೇ ಎಳೆದಿದ್ದ. ಈಗಿನ ಅಮೆರಿಕದ ಪೆಟ್ರೋಲಿನಲ್ಲಿ ಹೆಚ್ಚಾಗಿ ಶೇಕಡಾ 10 ಎಥನಾಲ್. ಆ ಮಿಶ್ರಣ ಬೇಗ ಆವಿಯಾಗುತ್ತದೆ. ಪೈಪಿನೊಳಗೇ ಪೆಟ್ರೋಲು ಕುದಿಯಿತೆಂದರೆ ಪಂಪಿಗೆ ಸಿಗುವುದು ಬರೀ ಆವಿ. 43 ಡಿಗ್ರಿಯ ಜುಲೈ ಮಧ್ಯಾಹ್ನ ಗಾಡಿ ಎರಡು ಸಲ ಕೆಮ್ಮಿ ರಸ್ತೆ ಬದಿಗೆ ನಿಲ್ಲುವುದು, ಅವನು ಪಂಪಿನ ಮೇಲೆ ಐಸ್‌ನೀರು ಸುರಿಯುವುದು, ಒಳಗೆ ನಮ್ಮಾಕೆ ಚಿತ್ರಾನ್ನದ ಡಬ್ಬಿ ಬಿಚ್ಚುವುದು ಒಂದು ರೂಢಿಯೇ ಆಗಿಹೋಯಿತು.

ಪೈಪಿನ ದಾರಿ ಬದಲಿಸುವುದೆಂದು ತೀರ್ಮಾನವಾದ ಮೇಲೆ ನಿಜವಾದ ತಕರಾರು ಶುರು. ಕಾವು ಎಲ್ಲಾದರೂ ಹೋಗಲೇಬೇಕಲ್ಲ. ಹಾಸಿಗೆಯ ಕೆಳಗೆ ಬೇಡವೆಂದು ಅವನ ಹೆಂಡತಿ. ಕೊಳೆನೀರಿನ ಟ್ಯಾಂಕಿನ ಹತ್ತಿರ ಹೋದರೆ ಊಟ ಸೇರುವುದಿಲ್ಲವೆಂದು ನಮ್ಮಾಕೆ. ಫ್ರಿಜ್ಜಿನ ಕೆಳಗೆ ಬೇಡವೆಂದು ನಾನು. ಆ ಫ್ರಿಜ್ಜೋ ಗ್ಯಾಸ್ ಉರಿಸಿದ ಬಿಸಿಯಿಂದಲೇ ತಣ್ಣಗಾಗುವಂಥದ್ದು, ಹಾಗಾಗಿ ನನ್ನ ಮಾತಿನ ತೂಕ ಅಲ್ಲೇ ಅರ್ಧವಾಯಿತು. ಏಸಿಯ ಗಾಳಿಗೆ ಸ್ವೆಟರ್ ತೊಟ್ಟು ಕೂತಿದ್ದ ಅತ್ತೆಯವರದು ಬೇರೆಯೇ ರಾಗ: “ಅದನ್ಯಾಕೋ ಕೀಳ್ತೀಯ? ಕಾಲಿಗೆ ಎಷ್ಟು ಬೆಚ್ಚಗಿದೆ!”

ಸೈಲೆನ್ಸರ್ ಅಂಗಡಿಯ ಮುದುಕ ನಮ್ಮ ಯಾರ ಅಹವಾಲನ್ನೂ ಕೇಳಲಿಲ್ಲ. ಗಾಡಿಯನ್ನು ಮೇಲೆತ್ತಿ, ಹೊಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದ. ಅವನ ಪ್ರಕಾರ ಪೈಪಿಗೆ ತಿರುವು ಹೆಚ್ಚಿದಷ್ಟೂ ಎಂಜಿನ್ನಿಗೆ ಉಸಿರುಕಟ್ಟು. ಬಿಗಿಯಾಗಿ ಕಚ್ಚಿ ಹಿಡಿಸಿದರೂ ಕೇಡು, ಏಕೆಂದರೆ ಪೈಪು ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಿದೆ: ನಾಲ್ಕು ಮೀಟರ್ ಉಕ್ಕು 400 ಡಿಗ್ರಿ ಕಾದರೆ ಸುಮಾರು ಎರಡು ಸೆಂಟಿಮೀಟರ್ ಉದ್ದವಾಗುತ್ತದೆ. ಅದಕ್ಕೇ ರಬ್ಬರಿನ ಕೊಂಡಿಗಳಲ್ಲಿ ತೂಗುಹಾಕುವುದು. ತುದಿಯಂತೂ ಗಾಡಿಯ ಅಂಚು ದಾಟಿ, ಕಿಟಕಿಗಳಿಂದ ದೂರ ಬಾಯಿ ತೆರೆಯಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಇದೊಂದನ್ನು ಹೇಳುವಾಗ ಮಾತ್ರ ಮುದುಕ ಸುಣ್ಣ ಕೆಳಗಿಟ್ಟು ನಮ್ಮ ಮುಖ ನೋಡಿದ.

ಪೈಪಿಗೆ ಗಾಜಿನೆಳೆಯ ಪಟ್ಟಿ ಸುತ್ತಿಬಿಡೋಣವೆಂದು ಭಾವಮೈದುನ. ಕಾವು ಒಳಗೇ ಉಳಿಯುವುದು ನಿಜ. ಆದರೆ ಪಟ್ಟಿ ನೀರು ಕುಡಿದು ಪೈಪಿಗೆ ತುಕ್ಕು ಹಿಡಿಸುತ್ತದೆ. ಮುದುಕ ಒಪ್ಪಲಿಲ್ಲ. ಪೆಟ್ರೋಲ್ ಪೈಪಿನಿಂದ ದೂರಕ್ಕೆ ಹೊಸ ದಾರಿ ಹಿಡಿಸಿ, ನೆಲಕ್ಕೂ ಪೈಪಿಗೂ ನಡುವೆ ಒಂದಿಂಚು ಗಾಳಿ ಬಿಟ್ಟು ಹೊಳೆಯುವ ಅಲ್ಯೂಮಿನಿಯಂ ತಗಡು ಜೋಡಿಸಿದ. ತಗಡು ಕಾವನ್ನು ಬಂದ ದಾರಿಗೇ ತಿರುಗಿಸುತ್ತದೆ, ಮಿಕ್ಕದ್ದನ್ನು ಓಡುವ ಗಾಳಿ ಒಯ್ಯುತ್ತದೆ. ಅಷ್ಟೊಂದು ವಾಗ್ವಾದ ಮಾಡಿದವರಿಗೆ ಇಷ್ಟು ಸರಳ ಉತ್ತರ ಸಿಕ್ಕಿದ್ದು ನನಗೆ ಕೊಂಚ ನಿರಾಸೆಯೇ.

ಗಾಡಿ ಆಮೇಲೆ ದಾರಿಯಲ್ಲಿ ನಿಂತದ್ದಿಲ್ಲ. ಡಿಸೆಂಬರಿನಲ್ಲಿ ಹಿಮ ನೋಡಲೆಂದು 2,100 ಮೀಟರ್ ಎತ್ತರದ ಫ್ಲಾಗ್‌ಸ್ಟಾಫ್‌ಗೆ ಹತ್ತಿದೆವು. ಅರ್ಧ ದಾರಿಗೇ ಅತ್ತೆ ಕಾಲು ಮಡಚಿ ಸೀಟಿನ ಮೇಲಿಟ್ಟರು.

“ನಾನು ಆವತ್ತೇ ಹೇಳಲಿಲ್ವೇನೋ?”

“ಭಾವ, ಆ ಹೀಟರ್ ಸ್ವಿಚ್ ಒತ್ತಿ,” ಎಂದ ಭಾವಮೈದುನ, ಕಣ್ಣನ್ನು ರಸ್ತೆಯಿಂದ ತೆಗೆಯದೆ. ಒತ್ತಿದೆ. ಕೆಳಗೆ ಹೊಗೆಯ ಕಾವು ಪುಕ್ಕಟೆ ಹಾರಿಹೋಗುತ್ತಿತ್ತು. ಮೇಲೆ ನಾವು ದುಡ್ಡು ಕೊಟ್ಟು ತಂದ ಗ್ಯಾಸ್ ಉರಿಸಿಕೊಂಡು ಬೆಚ್ಚಗಾದೆವು.