ಪಂಕ್ತಿಯ ಕೊನೆಯವರು

ನಮ್ಮೂರು ಚಳ್ಳಕೆರೆ ಕಡೆ, ಹೆಂಡತಿಯ ತವರು ಆಗುಂಬೆಯ ಹತ್ತಿರ. ಜಾತಕ ನೋಡಿದ ಜೋಯಿಸರು ಗಣ, ನಾಡಿ, ಗೋತ್ರ ಎಲ್ಲವನ್ನೂ ತಾಳೆ ಹಾಕಿದರು. ಮಳೆಯನ್ನು ಮಾತ್ರ ಬಿಟ್ಟುಬಿಟ್ಟರು. ಅವಳ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ನಮ್ಮ ಕಡೆ 500 ಮುಟ್ಟಿದರೆ ಪುಣ್ಯ.

ಆಷಾಢದಲ್ಲಿ ಹೊಸ ಅಳಿಯ ಅತ್ತೆ ಮನೆ ಹೊಸಿಲು ತುಳಿಯಬಾರದು ಎಂದು ಕಟ್ಟಳೆ ಮಾಡಿದ ಪುಣ್ಯಾತ್ಮ ಮಲೆನಾಡಿನ ಮಳೆ ಕಂಡವನೇ ಇರಬೇಕು. ನಾನು ಶ್ರಾವಣದಲ್ಲಿ ಹೋದೆ. ಮಳೆಗೇನು ಪಂಚಾಂಗ ಗೊತ್ತೇ? ಬಸ್ಸಿನಿಂದ ಇಳಿದ ಕೂಡಲೇ ಗಾಳಿ ನನ್ನ ಹೊಸ ಛತ್ರಿಯನ್ನು ಮೇಲ್ಮುಖ ಮಾಡಿ, ಕಡ್ಡಿ ಬೇರೆ, ಬಟ್ಟೆ ಬೇರೆ ಮಾಡಿತು. ಕಂಬಳಿಕೊಪ್ಪೆ ಹೊದ್ದು ಎದುರುಗೊಳ್ಳಲು ಬಂದಿದ್ದ ಮಾವ, "ಇದೆಂತ ಮಾರಾಯ್ರೆ, ಬಿಸಿಲಿನ ಛತ್ರಿ ತಂದಿದ್ರಾ?" ಎಂದರು. ನೆನೆದ ಅಂಗಿಯನ್ನು ಅತ್ತೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಒಣಗಿದ್ದೇನೋ ನಿಜ. ಆದರೆ ಅದನ್ನೇ ಹಾಕಿಕೊಂಡು ಊರಿನ ಮದುವೆಯೊಂದಕ್ಕೆ ಹೋದಾಗ, ನನ್ನನ್ನು ಅಡುಗೆಯವರ ಪೈಕಿ ಎಂದುಕೊಂಡು ಹಿರಿಯರೊಬ್ಬರು ಸಾರಿಗೆ ಉಪ್ಪು ಕಡಿಮೆ ಅಂತ ನನಗೇ ಹೇಳಿದರು.

ಮದುವೆ ಅಂದಾಗ ನೆನಪಾಯಿತು. ಮೊನ್ನೆ ಮಗಳು ಸಮಾಜ ಪುಸ್ತಕ ಹಿಡಿದು, "ಅಪ್ಪಾ, ಮಳೆ ನೆರಳಿನ ಪ್ರದೇಶ ಎರಡು ಅಂಕಕ್ಕೆ ಬರುತ್ತಂತೆ, ಹೇಳಿಕೊಡು" ಎಂದಳು. ಅದೇ ಊರಲ್ಲಿ ಹುಟ್ಟಿದವನಿಗೆ ಎರಡೇ ಅಂಕವೇ ಎಂದು ಸ್ವಲ್ಪ ಬೇಜಾರಾಯಿತು. ಮದುವೆ ಊಟದಲ್ಲಿ ಹೋಳಿಗೆ ಬಡಿಸುವವನನ್ನು ನೋಡಿದ್ದೀಯಲ್ಲ ಎಂದೆ. ಪಂಕ್ತಿಯ ಮೊದಲಲ್ಲಿ ಕೂತವರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬಿಡುವುದಿಲ್ಲ. ಕೊನೆಗೆ ಬರುವಷ್ಟರಲ್ಲಿ ತಟ್ಟೆ ಖಾಲಿ, "ಈಗ ತಂದೆ" ಎಂದು ಹೊರಟುಹೋಗುತ್ತಾನೆ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತದ ಕಥೆಯೂ ಇಷ್ಟೇ. ಎದುರಿಗೆ ಪಶ್ಚಿಮ ಘಟ್ಟ. ಹತ್ತದೆ ವಿಧಿಯಿಲ್ಲ. ಏರಿದಷ್ಟೂ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟೊಂದು ನೀರಾವಿ ಹಿಡಿದುಕೊಳ್ಳಲಾಗುವುದಿಲ್ಲ, ಆಗುಂಬೆಯಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಮತ್ತೆ ಬಿಸಿಯಾಗಿ, ಇರುವ ಚೂರುಪಾರು ತೇವವನ್ನೂ ಬಿಟ್ಟುಕೊಡದೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಆಷಾಢದ ಗಾಳಿ ನಮ್ಮಲ್ಲೂ ಉಂಟು, ಮನೆಯೊಳಗೆಲ್ಲ ಧೂಳು ತುಂಬುವಷ್ಟು. ಮೋಡವೂ ಉಂಟು. ಮಳೆಯೊಂದಿಲ್ಲ.

ಬಡಿಸುವವನು ಪೂರಾ ಸುಳ್ಳುಗಾರನಲ್ಲ ಎನ್ನಿ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಮಳೆ ಇನ್ನೊಂದು ಬಾಗಿಲಿಂದ ಬಂದು ನಮಗೂ ಒಂದಿಷ್ಟು ಹಾಕುತ್ತದೆ. ನಮ್ಮ ಶೇಂಗಾದವರು ಅದನ್ನೇ ಕಾಯುವುದು. "ಇದನ್ನೆಲ್ಲ ಬರೆದರೆ ಮಿಸ್ ಅಂಕ ಕೊಡಲ್ಲ" ಎಂದು ಮಗಳು ಗೈಡ್ ತೆರೆದಳು.

ಇನ್ನು ಘಟ್ಟದ ಸಾಲಿನವರು ನಮ್ಮನ್ನು ಪೂರ್ತಿ ಮರೆತಿದ್ದಾರೆ ಎಂದರೆ ನಾಲಗೆ ಬಿದ್ದೀತು. ಬಾಬಾ ಬುಡನ್‌ಗಿರಿಯ ಮಳೆಯನ್ನು ವೇದಾವತಿ ಹೊತ್ತು ತಂದು ಹಿರಿಯೂರಿನ ಮಾರಿಕಣಿವೆಗೆ ಸೇರಿಸುತ್ತಾಳೆ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ನಮ್ಮ ಕಡೆಯವರು ಟ್ರ್ಯಾಕ್ಟರು, ಟೆಂಪೋ ಸಿಕ್ಕಿದ್ದರಲ್ಲಿ ಹತ್ತಿಕೊಂಡು ಹೋಗಿ ನೋಡಿದರು. ಕೆಲವರು ಚಪ್ಪಲಿ ಬಿಟ್ಟು ಕೈಮುಗಿದರು. ನಾನು ಅಲ್ಲಿಂದಲೇ ಅತ್ತೆಗೆ ಫೋನು ಮಾಡಿ, ಮೊಬೈಲನ್ನು ನೀರಿನ ಕಡೆ ಹಿಡಿದು ಸದ್ದು ಕೇಳಿಸಿದೆ.

"ನೀರಿನ ಸದ್ದಾ?" ಎಂದರು ಅತ್ತೆ. "ಅದನ್ನು ಕೇಳ್ಲಿಕ್ಕೆ ಫೋನ್ ಎಂತಕ್ಕೆ ಮಾರಾಯ್ರೆ, ಇಲ್ಲಿ ನಿಮ್ಮ ಮಾತೇ ಕೇಳ್ತಾ ಇಲ್ಲ."